ಆರೋಪಿಯ ಹೇಳಿಕೆಯಿಲ್ಲದ ಕಡತ

ಈ ತ್ರೈಮಾಸಿಕದ ಕಳೆದ ಸಂಚಿಕೆಯಲ್ಲಿ ವಿದ್ವಾಂಸ ಮಿತ್ರರೊಬ್ಬರು ಇಟಲಿಯ ಪುನರುಜ್ಜೀವನ ಯುಗದ ಚಿತ್ರಕಾರ ರಾಫೆಲನನ್ನು ಕುರಿತು ಬರೆದ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳ ವಿವೇಚನೆಯಲ್ಲಿ ಅವರೊಡನೆ ನನಗೆ ಜಗಳವಿಲ್ಲ. ಆದರೆ ‘ಸ್ಫೂರ್ತಿದೇವತೆ’ ಫೋರ್ನರೀನಾಳ ಮೇಲಿನ ಅತಿಮೋಹವೇ ಆ ಕಲಾವಿದನನ್ನು ಮೂವತ್ತೇಳನೆಯ ವಯಸ್ಸಿನಲ್ಲಿ ಬಲಿ ತೆಗೆದುಕೊಂಡಿತೆಂದು ಅವರು ತೀರ್ಪು ಕೊಟ್ಟಿದ್ದಾರೆ. ಆಂಗ್ರ್, ಟರ್ನರ್ ಮತ್ತು ಪಿಕಾಸೊ ರಚಿಸಿದ ಚಿತ್ರಗಳನ್ನು ಸಾಕ್ಷಿಗೆ ಕರೆದಿದ್ದಾರೆ. ಕೇಂದ್ರ ಸರ್ಕಾರದ ಸೇವೆಯಲ್ಲಿ ಇಲಾಖಾ ವಿಚಾರಣೆಯ ಕಡತಗಳನ್ನು ಓದುತ್ತಲೇ ತಲೆಗೂದಲು ನರೆಸಿಕೊಂಡವನು ನಾನು. ಆರೋಪಿಯ ಹೇಳಿಕೆಯೇ ಇಲ್ಲದ ಕಡತಕ್ಕೆ ಸಹಿ ಹಾಕಲು ನನ್ನ ಕೈ ಏಳುವುದಿಲ್ಲ.

ಈ ಆರೋಪದ ಮೂಲ ವಸಾರಿ. ಕಲಾವಿದರ ಜೀವನ ಚರಿತ್ರೆಗಳನ್ನು 1550ರಲ್ಲಿ ಪ್ರಕಟಿಸಿ 1568ರಲ್ಲಿ ಪರಿಷ್ಕರಿಸಿದವನು. 1520ರ ಏಪ್ರಿಲ್ 6ರಂದು ರಾಫೆಲ್ ರೋಮಿನಲ್ಲಿ ತೀರಿಕೊಂಡಾಗ ಈತ ಎಂಟು ವರ್ಷದ ಬಾಲಕ. ಕಂಡು ಹೇಳಿದ್ದಲ್ಲ, ಕೇಳಿ ಬರೆದದ್ದು. ಇರಲಿ, ಆತನನ್ನೇ ಪೂರ್ತಿಯಾಗಿ ಓದೋಣ. ಅಗೊಸ್ತೀನೊ ಕೀಜಿ ಎಂಬ ಸಾಹುಕಾರನ ಮನೆಯಲ್ಲಿ ಚಿತ್ರ ಬರೆಯಬೇಕಿದ್ದ ರಾಫೆಲನಿಗೆ ಪ್ರಿಯೆಯ ಧ್ಯಾನದಲ್ಲಿ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಆಕೆಯನ್ನು ಅಲ್ಲಿಗೇ ಕರೆಸಿ ಇರಿಸಿದ ಮೇಲೆ ಕೆಲಸ ಮುಗಿಯಿತು, ಎನ್ನುತ್ತಾನೆ. ಇದು ಆರೋಪಿಯ ಪರವಾದ ಸಾಕ್ಷ್ಯವಲ್ಲವೆ? ಮರಣ ಸಮೀಪಿಸಿದಾಗ ರಾಫೆಲ್ ಸತ್ ಕ್ರೈಸ್ತನಂತೆ ಆಕೆಯನ್ನು ಮನೆಯಿಂದ ಹೊರಗೆ ಕಳುಹಿಸಿ, ಗೌರವದಿಂದ ಬಾಳುವಷ್ಟು ಹಣ ಬಿಟ್ಟನೆಂದೂ ಹೇಳುತ್ತಾನೆ. ಕೊನೆಯ ಗಳಿಗೆಯಲ್ಲಿ ಹತ್ತಿರ ಕೂರಲು ಅವಕಾಶವಿಲ್ಲದವಳನ್ನು ನಾಲ್ಕೂವರೆ ಶತಮಾನಗಳಿಂದ ನಾವು ಸಾವಿಗೆ ಹೊಣೆಯಾಗಿಸುತ್ತ ಬಂದಿದ್ದೇವೆ.

ಜ್ವರ ಬಂದವನ ಮೈಯಿಂದ ವೈದ್ಯರು ರಕ್ತ ತೆಗೆದರೆಂಬುದನ್ನೂ ವಸಾರಿಯೇ ಬರೆದಿದ್ದಾನೆ. 2020ರಲ್ಲಿ ಇಟಲಿಯ ಸಂಶೋಧಕರು ಅಂದಿನ ವಿವರಗಳನ್ನು ಮತ್ತೆ ಪರಿಶೀಲಿಸಿ, ಅದು ಶ್ವಾಸಕೋಶದ ಕಾಯಿಲೆಯಾಗಿದ್ದಿರಬೇಕು, ರಕ್ತ ತೆಗೆದ ಚಿಕಿತ್ಸೆ ರೋಗಿಯನ್ನು ಇನ್ನಷ್ಟು ಕುಗ್ಗಿಸಿರಬೇಕು ಎಂಬ ಅಭಿಪ್ರಾಯಕ್ಕೆ ಬಂದರು. ಇಷ್ಟಕ್ಕೂ ಸಂತ ಪೀಟರನ ದೇವಾಲಯದ ಮುಖ್ಯ ವಾಸ್ತುಶಿಲ್ಪಿ, ರೋಮಿನ ಪ್ರಾಚೀನ ಅವಶೇಷಗಳ ಮೇಲ್ವಿಚಾರಕ, ಪೋಪನ ಅರಮನೆಯ ಚಿತ್ರಕಾರ, ಈ ಎಲ್ಲ ಹೊಣೆಗಳೂ ಒಬ್ಬನ ಹೆಗಲ ಮೇಲಿದ್ದವು. ಹೆಚ್ಚುವರಿ ಪ್ರಭಾರ ಹೊತ್ತ ಯಾವ ನೌಕರನಾದರೂ ಇದರ ಭಾರವನ್ನು ಬಲ್ಲ.

ಇನ್ನು ಚಿತ್ರಸಾಕ್ಷಿಗಳು. ಮೂಲಗಳನ್ನು ನಾನು ಕಂಡವನಲ್ಲ. ಅಚ್ಚಿನ ಪ್ರತಿಗಳೇ ನನಗೆ ಆಧಾರ. ರಾಫೆಲನನ್ನು ದೇವರಂತೆ ಆರಾಧಿಸಿದ ಆಂಗ್ರ್, ಜೀವನದುದ್ದಕ್ಕೂ ಈ ಜೋಡಿಯನ್ನು ಮತ್ತೆ ಮತ್ತೆ ಬರೆದ. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಸಂಗ್ರಹಾಲಯದಲ್ಲಿರುವ 1814ರ ಚಿತ್ರವನ್ನು ನೋಡಿ. ಹೆಣ್ಣು ಕಲಾವಿದನ ತೊಡೆಯ ಮೇಲೆ ಕುಳಿತಿದ್ದಾಳೆ. ಅವನ ಕತ್ತು ಮಾತ್ರ ಹೊರಳಿರುವುದು ಹಲಗೆಯ ಮೇಲಿನ, ಇನ್ನೂ ರೇಖೆಯಷ್ಟೇ ಆಗಿರುವ ಆಕೆಯ ಚಿತ್ರದ ಕಡೆಗೆ. ಆಕೆ ನೋಡುತ್ತಿರುವುದು ನಮ್ಮನ್ನು. ಮಿತ್ರರು ಇದನ್ನು ಮೋಹದ ಚಿತ್ರವೆಂದರು. ತೋಳಿನಲ್ಲಿರುವ ಜೀವವನ್ನು ಬಿಟ್ಟು ತನ್ನದೇ ಕೆಲಸವನ್ನು ನೋಡುವವನು ಯಾರ ಮೋಹಕ್ಕೆ ಬಲಿಯಾದವನು? ಆಂಗ್ರ್ ಬರೆದದ್ದು ತನ್ನ ವೃತ್ತಿಯ ಅಂತರಂಗವನ್ನು. ಆ ಮಟ್ಟಿಗೆ ಅವನು ಪ್ರಾಮಾಣಿಕ.

ಟರ್ನರ್ ರಾಫೆಲನ ಮರಣದ ಮುನ್ನೂರನೆಯ ವರ್ಷವಾದ 1820ರಲ್ಲಿ ಪ್ರದರ್ಶಿಸಿದ ಭಾರಿ ಚಿತ್ರದಲ್ಲಿ ಇಬ್ಬರನ್ನೂ ವ್ಯಾಟಿಕನ್ನಿನ ಮೊಗಸಾಲೆಯಲ್ಲಿ ನಿಲ್ಲಿಸಿ, ಕೆಳಗೆ ಬೆರ್ನೀನಿಯ ಕಂಬಸಾಲನ್ನು ಬರೆದ. ಆ ಕಂಬಗಳು ಎದ್ದದ್ದು ಹದಿನೇಳನೆಯ ಶತಮಾನದಲ್ಲಿ! ಕಟ್ಟಡದ ವಿಷಯದಲ್ಲೇ ಇಷ್ಟು ಸ್ವತಂತ್ರನಾದವನು ಹೆಣ್ಣಿನ ವಿಷಯದಲ್ಲಿ ಪ್ರಮಾಣ ಮಾಡಿ ನುಡಿಯುತ್ತಾನೆಯೆ?

ಪಿಕಾಸೊನ ಮಾತು ಬೇರೆ. 1968ರಲ್ಲಿ, ಎಂಬತ್ತಾರರ ಹರೆಯದಲ್ಲಿ, ಆತ ಕೆತ್ತಿದ 347 ಮುದ್ರಣಚಿತ್ರಗಳ ಸರಣಿಯಲ್ಲಿ ಈ ಜೋಡಿಯ ರತಿಕ್ರೀಡೆಯದೇ ಒಂದು ಗುಂಪು. ರಾಫೆಲ್ ಆಗಲೂ ಕುಂಚವನ್ನು ಕೈಬಿಡುವುದಿಲ್ಲ. ಪೋಪ್ ಇಣುಕಿ ನೋಡುತ್ತಾನೆ. ಮಂಚದ ಕೆಳಗೆ ಮೈಕೆಲೇಂಜಲೊ ಅಡಗಿದ್ದಾನೆ. ಆಂಗ್ರನ ಗಾಂಭೀರ್ಯಕ್ಕೆ ಇದು ಅಣಕವೆಂದು ಮಿತ್ರರು ಹೇಳುವುದು ಸರಿ. ನಾನೂ ನಕ್ಕೆ. ಆದರೆ ಅಣಕದಲ್ಲಿ ಕಲಾವಿದನಿಗೆ ಕುಂಚ, ಪೋಪನಿಗೆ ಕಿರೀಟ. ಆಕೆಗೆ ಬರಿಯ ಮೈ. ಇಳಿವಯಸ್ಸಿನ ಪಿಕಾಸೊನ ದಾಹಕ್ಕೆ ಅದು ಸಾಕ್ಷಿಯಾದೀತು, ರೋಮಿನ ಹೆಣ್ಣಿನ ನಡತೆಗಲ್ಲ.

ಮೂವರೂ ಆಕೆಯನ್ನು ಕಂಡವರಲ್ಲ. ಕಂಡು ಬರೆದದ್ದು ರೋಮಿನ ಬಾರ್ಬೆರೀನಿ ಅರಮನೆಯಲ್ಲಿರುವ ಚಿತ್ರ. ಅದರಲ್ಲಿ ಆಕೆಯ ತೋಳಬಂದಿಯ ಮೇಲೆ ಉರ್ಬೀನೊ ನಗರದ ರಾಫೆಲನ ಹೆಸರಿದೆ. ಪ್ರೇಮದ ಗುರುತೆನ್ನುತ್ತಾರೆ, ನನಗೆ ಇಲಾಖೆಯ ಮೇಜು ಕುರ್ಚಿಗಳ ಮೇಲಿನ ಮೊಹರು ನೆನಪಾಗುತ್ತದೆ. ಆಕೆಯ ಸ್ವಂತ ಹೆಸರು ಎಲ್ಲಿಯೂ ಇಲ್ಲ. ‘ಫೋರ್ನರೀನಾ’ ಎಂದರೆ ರೊಟ್ಟಿ ಸುಡುವವನ ಮಗಳು, ಅಷ್ಟೆ. ಅದೂ ಆ ಚಿತ್ರಕ್ಕೆ ಅಂಟಿದ್ದು ಹದಿನೆಂಟನೆಯ ಶತಮಾನದಲ್ಲಿ. ರಾಫೆಲ್ ಮದುವೆಯನ್ನು ಮುಂದೂಡುತ್ತಲೇ ಹೋದ ಕಾರ್ಡಿನಲ್ ಬಿಬ್ಬಿಯೇನಾನ ಸಂಬಂಧಿ ಮರಿಯಾಳಿಗಾದರೂ ರೋಮಿನ ಪಾಂಥಿಯಾನಿನಲ್ಲಿ ಅವನ ಸಮಾಧಿಯ ಬಳಿ ಒಂದು ಶಿಲಾಲೇಖವಿದೆ.

ಇವಳಿಗೆ ಉಳಿದಿರಬಹುದಾದದ್ದು ದಫ್ತರದ ಒಂದು ಸಾಲು. 1520ರ ಆಗಸ್ಟ್ 18ರಂದು, ರಾಫೆಲ್ ಸತ್ತು ನಾಲ್ಕು ತಿಂಗಳು ಕಳೆದ ಮೇಲೆ, ರೋಮಿನ ಸಂತ ಅಪೊಲೋನಿಯಾ ಆಶ್ರಯಧಾಮಕ್ಕೆ ಸಿಯೆನಾ ನಗರದ ದಿವಂಗತ ಫ್ರಾಂಚೆಸ್ಕೊ ಲೂತಿಯ ಮಗಳು ಮಾರ್ಗರೀತಾ ಎಂಬಾಕೆ ಸೇರಿದಳೆಂದು ಅದು ಹೇಳುತ್ತದೆ. ಬೆಳಕಿಗೆ ಬಂದದ್ದು 1897ರಲ್ಲಿ. ಚಿತ್ರದ ಹೆಣ್ಣು ಈಕೆಯೇ ಎಂಬುದಕ್ಕೆ ಪೂರ್ಣ ಪುರಾವೆಯಿಲ್ಲ. ನನ್ನ ವಾದಕ್ಕೆ ಅನುಕೂಲವೆಂದು ಅದನ್ನು ಮರೆಮಾಚಲಾರೆ. ಆದರೆ ಆ ಸಾಲಿನಲ್ಲಿ ಆಕೆಯನ್ನು ‘ವಿಧವೆ’ ಎಂದು ಬರೆದಿದೆ. ಯಾರ ವಿಧವೆಯೆಂದು ಬರೆದಿಲ್ಲ.

ಮಿತ್ರರು ಮುಂದಿನ ಸಂಚಿಕೆಯಲ್ಲಿ ನನಗೆ ಉತ್ತರ ಕೊಡುವರೆಂದು ನಂಬಿದ್ದೇನೆ. ಕೊಡುವಾಗ ‘ಸ್ಫೂರ್ತಿದೇವತೆ’ ಎಂಬ ಬಿರುದನ್ನು ಬಿಟ್ಟು ಮಾರ್ಗರೀತಾ ಎನ್ನಲಿ. ಅದಕ್ಕೆ ಪುರಾವೆ ಸಾಲದೆನಿಸಿದರೆ, ಹೆಸರು ತಿಳಿಯದ ಹೆಂಗಸು ಎಂದು ಬರೆಯಲಿ.