ಬಾಡಿಗೆ ಲೆಕ್ಕ ಕೇಳಿದರೆ ಅವಮಾನವೇ?

ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವ ನಾವು, ಚೆನ್ನೈಯಲ್ಲಿ ನಾಲ್ಕು ಪೋರ್ಷನ್ನಿನ ವಠಾರ ಕೊಳ್ಳುವಾಗ ಮಾತ್ರ ಬಾಯಿಮಾತನ್ನೇ ನಂಬುತ್ತೇವೆ. ಮಾರುವವರು ನಮ್ಮ ಕಡೆಯವರಾದರಂತೂ ಮುಗಿಯಿತು. ಕಾಫಿ ಕುಡಿದು, ಊರು ಕೇರಿ ವಿಚಾರಿಸಿ, ಮುಂಗಡ ಕೊಟ್ಟು ಬರುತ್ತೇವೆ. ಲೆಕ್ಕ ಕೇಳಿದರೆ ಅವರಿಗೆ ನೋವಾದೀತೆಂಬ ದಾಕ್ಷಿಣ್ಯ! ಈ ದಾಕ್ಷಿಣ್ಯಕ್ಕೆ ತೆರುವುದು ಮೂವತ್ತು ವರ್ಷ ದುಡಿದ ಪ್ರಾವಿಡೆಂಟ್ ಫಂಡಿನ ಹಣ.

‘ತಿಂಗಳಿಗೆ 60,000 ಬರುತ್ತದೆ’ ಎನ್ನುತ್ತಾನೆ ದಲ್ಲಾಳಿ. ಎಲ್ಲಿ, ಎರಡು ವರ್ಷದ ಪಾಸ್‌ಪುಸ್ತಕ ತೋರಿಸಲಿ. ಆದಾಯ ತೆರಿಗೆಗೆ ಕೊಟ್ಟ ಲೆಕ್ಕ ತೋರಿಸಲಿ. ಅಲ್ಲಿ 30,000 ಎಂದಿದ್ದರೆ ಸುಳ್ಳು ಹೇಳಿದ್ದು ಸರಕಾರಕ್ಕೋ ನಮಗೋ?

ಎಲ್ಲಕ್ಕಿಂತ ದೊಡ್ಡ ಗುಂಡಿ ಇಲ್ಲಿನ ‘ಲೀಸ್’, ಅಂದರೆ ನಮ್ಮ ಭೋಗ್ಯ. ಒಟ್ಟು ಮೊತ್ತ ಕೊಟ್ಟವನು ತಿಂಗಳ ಬಾಡಿಗೆಯಿಲ್ಲದೆ ಇರುತ್ತಾನೆ. 15,000ದ ನಾಲ್ಕು ಪೋರ್ಷನ್ನುಗಳಲ್ಲಿ ಒಂದನ್ನು 10 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದರೆ ಬರುವುದು 45,000. ತೀರಿಸಬೇಕಾದದ್ದು 10 ಲಕ್ಷ. ನೋಂದಣಿಯಾಗದ ಭೋಗ್ಯ ಋಣಭಾರ ಪತ್ರದಲ್ಲಿ, ಇಲ್ಲಿನವರ ‘ವಿಲ್ಲಂಗ’ ಸರ್ಟಿಫಿಕೇಟಿನಲ್ಲಿ, ಕಾಣುವುದೇ ಇಲ್ಲ. ವಕೀಲರು ಪತ್ರ ನೋಡಿ ‘ಶುದ್ಧವಾಗಿದೆ’ ಎಂದರೆ ಅದು ನಿಜವೇ. ಆದರೆ ನಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಉಳಿದ ಮೂವರ ಅಡ್ವಾನ್ಸೂ ಇದೆ. ಹತ್ತು ತಿಂಗಳ ಬಾಡಿಗೆ ಹಿಡಿಯುವುದು ಚೆನ್ನೈಯ ಹಳೆಯ ರೂಢಿ. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ 2017ರ ತಮಿಳುನಾಡು ಬಾಡಿಗೆ ಕಾಯ್ದೆ, ಬೇರೆ ಕರಾರಿಲ್ಲದಿದ್ದರೆ ಮೂರೇ ತಿಂಗಳು ಎನ್ನುತ್ತದೆ. ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು ಎಂದೂ ಹೇಳುತ್ತದೆ. ಆ ಕಾಗದ ಕೇಳಿ. ಮನೆ ಬಿಡುವಾಗ ಬಾಡಿಗೆದಾರ ಕೈ ಚಾಚುವುದು ಹೊಸ ಮಾಲೀಕನ ಮುಂದೆಯೇ. ಅಡ್ವಾನ್ಸನ್ನು ಕ್ರಯದಲ್ಲಿ ಕಳೆದು ಬರೆಸಿಕೊಳ್ಳದವರು ಎರಡು ಸಲ ಹಣ ತೆತ್ತಂತೆ.

ಕಾಗದಕ್ಕಿಂತ ಬಾಡಿಗೆದಾರರ ಬಾಯಿ ಮೇಲು. ಮಾರುವವರಿಲ್ಲದ ಹೊತ್ತಿಗೆ, ಸಂಜೆ, ಮನೆಯಾಕೆಯನ್ನೂ ಕರೆದುಕೊಂಡು ಹೋಗಿ. ಎಷ್ಟು ಕೊಡುತ್ತಾರೆ, ಎಷ್ಟು ತಿಂಗಳು ಬಾಕಿ, ಯಾವ ಮನೆ ಖಾಲಿ ಬಿದ್ದಿತ್ತು, 2019ರ ಬೇಸಿಗೆಯಲ್ಲಿ ಲಾರಿ ನೀರಿಗೆ ಹಣ ಕೊಟ್ಟವರು ಯಾರು, ಎಲ್ಲವೂ ಹೊರಬೀಳುತ್ತದೆ. ವಿದ್ಯುತ್ ಬಿಲ್ಲನ್ನೂ ನೋಡಿ, ಆದರೆ ಮೊತ್ತವನ್ನಲ್ಲ. 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್ ಉಚಿತವಾದ ಮೇಲೆ ಸೊನ್ನೆ ಬಿಲ್ಲೆಂದರೆ ಖಾಲಿ ಮನೆ ಎನ್ನುವಂತಿಲ್ಲ. ಓಡಿದ ಯೂನಿಟ್ಟನ್ನು ನೋಡಬೇಕು.

ಇದನ್ನೋದಿ ಸಂಘದ ಕೆಲವು ಹಿರಿಯರು, ‘ನಮ್ಮವರ ಮೇಲೇ ಅನುಮಾನವೇ?’ ಎಂದು ಮುನಿಯಬಹುದು. ಮುನಿಯಲಿ. ಜಗಳಕ್ಕೇ ಬರಲಿ, ಬರುವಾಗ ಪಾಸ್‌ಪುಸ್ತಕ ಮರೆಯದಿರಲಿ.