ಸೋತ ಮರಿಗೆ ಮೊದಲು ಬೇಕಾದದ್ದು ಕಾಳಲ್ಲ, ಕಾವು

ಹೇಂಟೆ ಹನ್ನೆರಡು ಮೊಟ್ಟೆ ಮೇಲೆ ಕೂತಿರ್ತದೆ. 21ನೇ ದಿನಕ್ಕೆ ಒಂಬತ್ತು ಮರಿ ಹೊರಗೆ ಬರ್ತವೆ. ಮಾರನೇ ದಿನ ತಾಯಿ ಅವನ್ನ ಕರ್ಕೊಂಡು ಗೂಡಿಂದ ಇಳೀತದೆ. ಹತ್ತನೇ ಮರಿ ಆಗಷ್ಟೇ ಚಿಪ್ಪು ಒಡೆದು, ಮೈಯೆಲ್ಲ ಒದ್ದೆಯಾಗಿ, ಕತ್ತು ಎತ್ತಕ್ಕಾಗದೆ ಗೂಡಲ್ಲೇ ಬಿದ್ದಿರ್ತದೆ. ನೋಡಿದವರು ಹೇಳೋದು ಒಂದೇ ಮಾತು: "ಬಿಡೇ ಅದನ್ನ, ಉಳಿಯೋದಲ್ಲ."

ಸೊರಬ ತಾಲ್ಲೂಕಿನ ನಮ್ಮ ಉಳವಿ ಕಡೆ ಈ ಮಾತು ಕೇಳದ ಹಿತ್ತಲು ಕಡಿಮೆ. ನನ್ನ ಅಭಿಪ್ರಾಯ ಬೇರೆ. ಅಂಥ ಮರಿಗಳಲ್ಲಿ ಬಹಳಷ್ಟು ಸಾಯೋದು ಹುಟ್ಟಿನ ದೋಷದಿಂದ ಅಲ್ಲ, ಚಳಿಯಿಂದ. ಇನ್ನು ಕೆಲವು ನಾವು ಪ್ರೀತಿಯಿಂದ ಮಾಡೋ ತಪ್ಪಿಂದ ಸಾಯ್ತವೆ. ಒಂದು ಮರಿ ಹೋದ್ರೆ ಏನ್ ಮಹಾ ಅನ್ನಬಹುದು. ಆದ್ರೆ ಅಡಿಕೆ ದುಡ್ಡು, ಭತ್ತದ ದುಡ್ಡು ಯಾರ ಕೈಗೆ ಹೋದ್ರೂ, ಕೋಳಿ ದುಡ್ಡು ಮಾತ್ರ ಮನೆ ಹೆಣ್ಣುಮಕ್ಕಳ ಕೈಯಲ್ಲೇ ಇರೋದು. ಇವತ್ತು ಬಿಟ್ಟ ಮರಿ ಮುಂದಿನ ವರ್ಷ ಮೊಟ್ಟೆ ಇಡಬೇಕಾಗಿದ್ದ ಹೇಂಟೆ.

ಮೊದಲ ತಪ್ಪು, ಹುಟ್ಟಿದ ಕೂಡಲೇ ತಿನ್ನಿಸಕ್ಕೆ ಹೋಗೋದು. ಮರಿ ಚಿಪ್ಪಿಂದ ಹೊರಗೆ ಬರೋ ಮುಂಚೆ ಮೊಟ್ಟೆಯ ಹಳದಿ ಭಾಗದಲ್ಲಿ ಉಳಿದದ್ದು ಅದರ ಹೊಟ್ಟೆ ಒಳಗೆ ಸೇರಿರ್ತದೆ. ಎರಡು ದಿನ ಅದೇ ಅದರ ಬುತ್ತಿ. ಯಂತ್ರದಲ್ಲಿ ಒಡೆಸಿದ ಮರಿಗಳನ್ನ ಡಬ್ಬದಲ್ಲಿಟ್ಟು ದೂರದೂರಿಗೆ ಕಳಿಸಕ್ಕಾಗೋದು ಇದೇ ಕಾರಣಕ್ಕೆ. ಅಂದ್ರೆ ಬಿದ್ದಿರೋ ಮರಿಗೆ ಅವಸರ ಕಾಳಿನದಲ್ಲ. ಹೊಸ ಮರಿಗೆ ತನ್ನ ಮೈ ಬಿಸಿ ತಾನೇ ಕಾಪಾಡಿಕೊಳ್ಳೋ ಶಕ್ತಿ ಇನ್ನೂ ಬಂದಿರಲ್ಲ. ತಣ್ಣಗಾದ ಮರಿಗೆ ತಿನ್ನಿಸಿದ್ದು ಜೀರ್ಣ ಆಗಲ್ಲ.

ಎರಡನೇ ತಪ್ಪು, ಚಿಪ್ಪು ಬಿಡಿಸಿ ಸಹಾಯ ಮಾಡೋದು. ತೂತು ಬಿದ್ದ ಮೇಲೂ ಮರಿ ಅರ್ಧ ದಿನ, ಕೆಲವು ಸಲ ಇಡೀ ದಿನ ಸುಮ್ಮನೆ ಇರ್ತದೆ. ಆ ಹೊತ್ತಲ್ಲಿ ಒಳಪೊರೆಯ ರಕ್ತ, ಹಳದಿ ಎರಡೂ ಮೈಯೊಳಗೆ ಎಳ್ಕೊಳ್ತಾ ಇರ್ತದೆ. ನಾವು ಕಿತ್ತರೆ ರಕ್ತ ಸುರಿದು ಹೋಗ್ತದೆ. ಕೈ ಕಟ್ಟಿ ಕಾಯೋದೇ ಅಲ್ಲಿ ಸಹಾಯ.

ಮೂರನೇ ತಪ್ಪು, ಪಿಲ್ಲರ್‌ನಲ್ಲಿ ಬಾಯಿಗೆ ನೀರು ಹುಯ್ಯೋದು. ಅದು ಶ್ವಾಸಕೋಶಕ್ಕೆ ಹೋದ್ರೆ ಬದುಕೋ ಮರಿಯೂ ಹೋಯ್ತು.

ಹಾಗಾದ್ರೆ ಮಾಡೋದೇನು? ಮೊದಲು ಒಣಬಟ್ಟೆಯಲ್ಲಿ ಹಗುರಾಗಿ ಒತ್ತಿ ಒದ್ದೆ ತೆಗೀರಿ. ರಟ್ಟಿನ ಡಬ್ಬಕ್ಕೆ ಗೋಣಿ ತುಂಡು ಹಾಸಿ. ಪೇಪರ್ ಹಾಸಬೇಡಿ, ಜಾರಿ ಕಾಲು ಎರಡು ಕಡೆಗೆ ಅಗಲಿ ಹೋಗ್ತದೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಕಮ್ಮಿ ಮಾಡ್ತಾ ಹೋಗಬಹುದು. ಹಿಂದೆ 60 ವ್ಯಾಟಿನ ಹಳೇ ಬಲ್ಬು ತೂಗು ಹಾಕಿದ್ರೆ ಸಾಕಿತ್ತು. ಈಗ ಮನೇಲಿರೋದು ಎಲ್‌ಇಡಿ. ಅದು ಬೆಳಕು ಕೊಡ್ತದೆ, ಕಾವು ಕೊಡಲ್ಲ. ಬಲ್ಬು ಉರೀತಾ ಇದೆ ಅಂತ ಮಲಗಿ, ಬೆಳಿಗ್ಗೆ ಸತ್ತ ಮರಿ ನೋಡಿದವರಿದ್ದಾರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನೂ ನಂಬೋ ಹಾಗಿಲ್ಲ. ಅದಕ್ಕೆ ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಡಬ್ಬದ ಒಂದು ಮೂಲೆಗೆ ಇಡಿ, ಆರುತ್ತಾ ಬಂದಂಗೆ ನೀರು ಬದಲಿಸಿ. ಇನ್ನೊಂದು ಮೂಲೆ ಖಾಲಿ ಇರಲಿ, ಸೆಖೆಯಾದ್ರೆ ಮರಿ ಆ ಕಡೆ ಸರೀತದೆ. ಬಚ್ಚಲೊಲೆ ಹತ್ರ ಇಡೋರು ಹೊಗೆ ಬಡಿಯದ ಜಾಗ ನೋಡ್ಕೊಳ್ಳಿ.

ಥರ್ಮಾಮೀಟರ್ ಇಲ್ಲದಿದ್ರೂ ಮರಿಯೇ ಹೇಳ್ತದೆ. ಬಾಟಲಿಗೆ ಅಂಟಿಕೊಂಡು ಒಂದೇ ಸಮ ಕೂಗಿದ್ರೆ ಚಳಿ. ರೆಕ್ಕೆ ಇಳಿಬಿಟ್ಟು ಬಾಯಿ ತೆರೆದಿದ್ರೆ ಸೆಖೆ. ಸುಮ್ಮನೆ ಮಲಗಿದ್ರೆ ಸರಿಯಾಗಿದೆ.

ಮೈ ಒಣಗಿ ಬೆಚ್ಚಗಾಗಿ ತಲೆ ಎತ್ತಿದ ಮೇಲೆ ನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಬೆಲ್ಲ ಸಾಕು. ಕೊಕ್ಕಿನ ತುದಿ ಮಾತ್ರ ಅದ್ದಿ, ಇಲ್ಲವೇ ಕೊಕ್ಕಿನ ಪಕ್ಕ ಒಂದು ಹನಿ ಇಡಿ, ಅದೇ ಎಳ್ಕೊಳ್ತದೆ. ಮೊದಲ ದಿನ ಕಳೆದ ಮೇಲೆ ಬರೀ ನೀರು. ಮುಚ್ಚಳದಲ್ಲಿ ನೀರಿಟ್ಟರೆ ನಾಲ್ಕು ಕಲ್ಲು ಹಾಕಿ, ಸೋತ ಮರಿ ಅದರಲ್ಲೇ ಮುಳುಗಬಹುದು. ಮರಿ ಎದ್ದು ನೆಲ ಕುಕ್ಕಕ್ಕೆ ಶುರು ಮಾಡಿದಾಗ ಸಣ್ಣ ಅಕ್ಕಿ ನುಚ್ಚು, ಜೋಳದ ನುಚ್ಚು, ಒಂದು ಚಿಟಿಕೆ ಬೇಯಿಸಿದ ಮೊಟ್ಟೆ ಹಳದಿ ಕೊಡಿ. ಬರೀ ನುಚ್ಚಲ್ಲಿ ಮರಿ ಬದುಕ್ತದೆ, ಬೆಳೆಯಲ್ಲ. ವಾರ ಕಳೆದ ಮೇಲೆ ನಮ್ಮ ಹಿರಿಯರು ಗೆದ್ದಲು ತಂದು ಹಾಕ್ತಿದ್ದದ್ದು ಸುಮ್ಮನಲ್ಲ, ಅದರಲ್ಲಿ ಪ್ರೋಟೀನ್ ಇದೆ. ಅಂಗಡಿಯ ಸ್ಟಾರ್ಟರ್ ಫೀಡ್ ಮಾಡೋದೂ ಅದೇ ಕೆಲಸ.

ಹಿಂದೆ ಹಿಕ್ಕೆ ಅಂಟಿ ದ್ವಾರ ಮುಚ್ಚಿದೆಯಾ ದಿನಾ ನೋಡಿ. ಮುಚ್ಚಿದ್ರೆ ಬಿಸಿನೀರಲ್ಲಿ ನೆನೆಸಿ ಬಿಡಿಸಿ, ಕೀಳಬೇಡಿ. ಕಾಲು ಅಗಲಿದ್ರೆ ಮೊದಲ ಎರಡು ಮೂರು ದಿನದಲ್ಲೇ ಎರಡೂ ಕಾಲಿಗೆ ಮೆತ್ತನೆ ಪಟ್ಟಿ ಸಡಿಲವಾಗಿ ಸೇರಿಸಿ ಕಟ್ಟಿದ್ರೆ ನೆಟ್ಟಗಾಗೋದುಂಟು. ಮರಿ ಚೇತರಿಸಿಕೊಂಡು ಓಡಾಡಕ್ಕೆ ಶುರು ಮಾಡಿದ್ರೆ ಅದೇ ರಾತ್ರಿ ಕತ್ತಲಲ್ಲಿ ತಾಯಿ ರೆಕ್ಕೆ ಕೆಳಗೆ ಸೇರಿಸಿ. ಒಂದೆರಡು ದಿನದೊಳಗೆ ಸೇರಿಸಿದ್ರೆ ಸಾಮಾನ್ಯವಾಗಿ ಒಪ್ಕೊಳ್ತದೆ. ಹಗಲಲ್ಲಿ ಬಿಟ್ಟರೆ ಕುಕ್ಕಿ ಓಡಿಸಬಹುದು.

ಎಲ್ಲಾ ಮರಿನೂ ಉಳಿಸಬಹುದು ಅಂತ ನಾನು ಹೇಳ್ತಿಲ್ಲ. ಹೊಕ್ಕುಳು ಕೆಂಪಾಗಿ ಒದ್ದೆ ಇದ್ದು, ಹೊಟ್ಟೆ ಉಬ್ಬಿ ವಾಸನೆ ಬಂದ್ರೆ ಅದು ಸೋಂಕು, ಉಳಿಯೋದು ಅಪರೂಪ. ಅದನ್ನ ಬೇರೆ ಮರಿಗಳ ಜೊತೆ ಇಡಬೇಡಿ. ಕೊಕ್ಕು ಸೊಟ್ಟ, ಕಾಲು ಸೊಟ್ಟ ಹುಟ್ಟಿದ್ದು ಬದುಕಿದ್ರೂ ಮರಿ ಮಾಡಿಸಕ್ಕೆ ಇಟ್ಕೋಬೇಡಿ.

ಇನ್ನೊಂದು ಚಾಳಿ ನಿಲ್ಲಬೇಕು. ಮರಿ ತೂಕಡಿಸಿದ್ರೆ ಅಂಗಡಿಯಿಂದ ಆಂಟಿಬಯಾಟಿಕ್ ಪುಡಿ ತಂದು ನೀರಿಗೆ ಹಾಕೋದು. ಚಳಿಗೆ ಅದು ಔಷಧಿ ಅಲ್ಲ. ಕೋಳಿಗೆ ಬೇಕಾಬಿಟ್ಟಿ ಬಳಸಿದ ಔಷಧಿ ನಾಳೆ ಮನುಷ್ಯರಿಗೇ ಕೆಲಸ ಮಾಡದಂಗೆ ಆಗ್ತದೆ ಅನ್ನೋ ಭಯಕ್ಕೇ 2019ರಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಅನ್ನು ಕೋಳಿ, ಜಾನುವಾರುಗಳಿಗೆ ಕೊಡದಂತೆ ನಿಷೇಧಿಸಿತು. ಪಶುವೈದ್ಯರನ್ನ ಕೇಳದೆ ಏನೂ ಹಾಕಬೇಡಿ.

ನಿಜ ಹೇಳಬೇಕಂದ್ರೆ, ಸೋತ ಮರಿಯನ್ನ ಉಳಿಸೋದಕ್ಕಿಂತ ಅಂಥದ್ದು ಹುಟ್ಟದಂಗೆ ನೋಡೋದು ಸುಲಭ. ಹತ್ತನೇ ಮರಿ ತಡವಾಗಿದ್ದು ಯಾಕೆ? ಕಾವಿಗೆ ಕೂತ ಹೇಂಟೆ ಕೆಳಗೆ ಬೇರೆ ಹೇಂಟೆ ಬಂದು ಮೊಟ್ಟೆ ಇಟ್ಟಿರ್ತದೆ, ಇಲ್ಲ ನಾವೇ ದಿನಾ ಒಂದೊಂದು ಸೇರಿಸಿರ್ತೀವಿ. ವಾರದೊಳಗಿನ ಮೊಟ್ಟೆ ಆರಿಸಿ, ಪೆನ್ಸಿಲ್ಲಲ್ಲಿ ಗುರುತು ಹಾಕಿ, ಎಲ್ಲಾ ಒಂದೇ ದಿನ ಇಡಿ. ಗುರುತಿಲ್ಲದ್ದು ಕಂಡ್ರೆ ಅವತ್ತೇ ತೆಗೆದು ಅಡಿಗೆಗೆ ಬಳಸಿ.

ಕಾಲವನ್ನೂ ನೋಡಿ. ಆರಿದ್ರಾ, ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯೋವಾಗ ಮರಿ ಮಾಡಿಸಿ ಗೆಲ್ಲೋದು ಕಷ್ಟ. ಆಯುಧಪೂಜೆ ಹೊತ್ತಿಗೆ ಕಾವು ಕೂರಿಸಿದ್ರೆ ದೀಪಾವಳಿಗೆ ಮರಿ. ಮಳೆ ಹಿಂದಾಗಿರ್ತದೆ, ಗದ್ದೆ ಕೊಯ್ಲಾಗೋ ಹೊತ್ತಿಗೆ ಉದುರಿದ ಭತ್ತ, ಹುಳ ಎರಡೂ ಮೇಯಕ್ಕೆ ಸಿಕ್ತದೆ.

ಕೊನೆಯದಾಗಿ ಒಂದು ಸಲಹೆ, ಇದು ಇಡೀ ಕೇರಿಗೆ. ರಾಣಿಖೇತ್ ಅಥವಾ ಕೊಕ್ಕರೆ ರೋಗದ ಮೊದಲ ಲಸಿಕೆ 5ರಿಂದ 7ನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ. ಲಸಿಕೆ ಬಾಟಲಿ ಬರೋದೇ ನೂರಾರು ಮರಿಗಾಗುವಷ್ಟು, ಕಲಸಿದ ಮೇಲೆ ಇಟ್ಟುಕೊಳ್ಳೋ ಹಾಗಿಲ್ಲ. ಹತ್ತು ಮರಿ ಇರೋರು ಅದಕ್ಕೇ ಹಾಕಿಸಲ್ಲ, ಕಷ್ಟಪಟ್ಟು ಉಳಿಸಿದ ಮರಿ ತಿಂಗಳೊಪ್ಪತ್ತಲ್ಲಿ ರೋಗಕ್ಕೆ ಹೋಗ್ತದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮಾತಾಡ್ಕೊಂಡು ಹತ್ತು ಮನೆಯವರು ಒಂದೇ ವಾರ ಕಾವು ಕೂರಿಸಿ. ಒಂದೇ ಬಾಟಲಿ ಎಲ್ಲರಿಗೂ ಆಗ್ತದೆ. ಇನ್ನೂ ತೂಕಡಿಸ್ತಿರೋ ಮರಿಗೆ ಮಾತ್ರ ಅವತ್ತು ಬೇಡ, ಚೇತರಿಸಿಕೊಳ್ಳಲಿ. ವೈದ್ಯರು ಹೇಳಿದ ದಿನ ಹಾಕಿಸಿ.

ಮುಂದಿನ ಸಲ ಗೂಡಲ್ಲಿ ಒದ್ದೆ ಮರಿ ಕಂಡ್ರೆ "ಬಿಡೇ" ಅನ್ನೋ ಮುಂಚೆ ಒಂದು ಬಾಟಲಿ ಬಿಸಿನೀರು ಕಾಯಿಸಿ. ಒಂದು ರಾತ್ರಿ ನೋಡಿ, ಆಮೇಲೆ ತೀರ್ಮಾನ ಮಾಡಿ.