ಒಂದು ಜಿಮೇಲ್, ಎರಡು ಫೋನ್

ನಮ್ಮ ರೂಮಿನ ಒಬ್ಬ ಸಹೋದರನ ವಿಷಯದಿಂದ ಶುರು ಮಾಡುತ್ತೇನೆ. ಬರೆಯಲು ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಮತ್ತು ಊರು ಬೇಡ ಅಂದಿದ್ದಾನೆ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅವನಿಗೆ ಕೆಲಸ. ಕಳೆದ ಸಲ ರಜೆಗೆ ಹೋದಾಗ ಹೆಂಡತಿಗೆ ಹೊಸ ಫೋನ್ ತೆಗೆದುಕೊಟ್ಟ. ಇನ್ನೊಂದು ಜಿಮೇಲ್ ಮಾಡುವ ತಾಪತ್ರಯ ಯಾಕೆ ಅಂತ ತನ್ನದೇ ಜಿಮೇಲ್ ಹಾಕಿಕೊಟ್ಟು ಬಂದ. ನಮ್ಮಲ್ಲಿ ತುಂಬಾ ಜನ ಹೀಗೇ ಮಾಡುವುದು. ನಾನೂ ಮಾಡಿದ್ದೆ.

ಒಂದು ಶುಕ್ರವಾರ ಜುಮಾ ಮುಗಿಸಿ ಬಂದು ಯಾವುದೋ ಗೇರ್‌ಬಾಕ್ಸಿನ ಪಾರ್ಟ್ ನಂಬರ್ ನೋಡಲು ಗೂಗಲ್ ತೆರೆದ. ಮೇಲೆ ಮುಟ್ಟಿದ ಕೂಡಲೇ ಹಳೇ ಹುಡುಕಾಟಗಳು ಗಡಿಯಾರದ ಗುರುತಿನೊಂದಿಗೆ ಸಾಲಾಗಿ ಬಂದವು. ಒಂದರಲ್ಲಿ 'ಎದೆಯಲ್ಲಿ ಗಂಟು ನೋವಿಲ್ಲ' ಅಂತ ಇತ್ತು. ಅದರ ಕೆಳಗೆ ಮಂಗಳೂರಿನ ಒಂದು ಆಸ್ಪತ್ರೆಯ ಹೆಸರು, ಸ್ಕ್ಯಾನಿಂಗಿಗೆ ಎಷ್ಟಾಗುತ್ತದೆ ಎಂಬ ಪ್ರಶ್ನೆ. ಅವನು ಟೈಪ್ ಮಾಡಿದ್ದಲ್ಲ. ಅನ್ನದ ಬಟ್ಟಲು ಅಲ್ಲೇ ಬಿಟ್ಟು ಮೆಟ್ಟಿಲ ಹತ್ತಿರ ಹೋಗಿ ಮನೆಗೆ ಫೋನ್ ಮಾಡಿದ. ಮೂರು ವಾರದಿಂದ ಆಕೆ ಒಬ್ಬಳೇ ಅನುಭವಿಸುತ್ತಿದ್ದಳು. "ನೀವು ಅಷ್ಟು ದೂರ ಇದ್ದೀರಿ, ನಿದ್ದೆ ಕೆಡಿಸುವುದು ಬೇಡ, ರಿಪೋರ್ಟ್ ಬಂದ ಮೇಲೆ ಹೇಳುವ ಅಂತ ಇದ್ದೆ" ಅಂದಳಂತೆ.

ಆ ರಾತ್ರಿ ರೂಮಿನಲ್ಲಿ ಇದೇ ಮಾತು. ಒಬ್ಬರು ಅಂದರು: "ಒಂದೇ ಜಿಮೇಲ್ ಇದ್ದದ್ದು ಒಳ್ಳೆಯದೇ ಆಯಿತು. ಮನೆಯಲ್ಲಿ ಏನೆಲ್ಲ ನೋಡ್ತಾರೆ ಅಂತ ನಮಗೂ ಗೊತ್ತಾಗ್ತದಲ್ಲ." ನಾಲ್ಕು ಜನ ತಲೆ ಆಡಿಸಿದರು. ನನಗೆ ಇದು ಸರಿ ಕಾಣಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಲೇಖನ.

ಮೊದಲು ಗೂಗಲ್ ಎಂತ ಮಾಡುತ್ತದೆ ಅಂತ ನೋಡುವ. ನಾವು ಎರಡು ಶಬ್ದ ಟೈಪ್ ಮಾಡುತ್ತೇವೆ. ಎರಡು ಶಬ್ದದಲ್ಲಿ ನಮಗೆ ಏನು ಬೇಕು ಅಂತ ಯಾರಿಗೂ ಪೂರ್ತಿ ತಿಳಿಯುವುದಿಲ್ಲ. ಹಾಗಾಗಿ ಉಳಿದದ್ದನ್ನು ಅದು ಊಹಿಸುತ್ತದೆ: ನಾವು ಇರುವ ಜಾಗ, ಫೋನಿನ ಭಾಷೆ, ಹಿಂದೆ ಹುಡುಕಿದ್ದು. ಸ್ಥಳ, ಹಳೆಯ ಹುಡುಕಾಟ ಮತ್ತು ಸೆಟ್ಟಿಂಗ್ ಬಳಸುತ್ತೇವೆ ಅಂತ ಆ ಕಂಪನಿಯೇ ಹೇಳುತ್ತದೆ. 2005ರಲ್ಲಿ ಅಕೌಂಟ್ ಇದ್ದವರಿಗೆ ಇದನ್ನು ಶುರು ಮಾಡಿದರು. 2009ರ ಡಿಸೆಂಬರ್‌ನಲ್ಲಿ ಲಾಗಿನ್ ಆಗದವರಿಗೂ ವಿಸ್ತರಿಸಿದರು. ಆಗ ಅದೇ ಬ್ರೌಸರ್‌ನಲ್ಲಿ ಹಿಂದಿನ 180 ದಿನ ಹುಡುಕಿದ್ದನ್ನು ನೋಡಿ ಫಲಿತಾಂಶ ಹೊಂದಿಸುತ್ತಿದ್ದರು.

ಇದರಿಂದ ಲಾಭ ಇಲ್ಲ ಅಂತ ನಾನು ಹೇಳುವುದಿಲ್ಲ. ಮಗ್ರಿಬ್ ಸಮಯ ಅಂತ ಹಾಕಿದರೆ ನನಗೆ ಕುವೈತಿನದ್ದು ಬರುತ್ತದೆ, ಎರಡೂವರೆ ಗಂಟೆ ಮುಂದಿರುವ ಊರಿನಲ್ಲಿ ಉಮ್ಮನಿಗೆ ಮಂಗಳೂರಿನದ್ದು ಬರುತ್ತದೆ. ಗ್ಯಾರೇಜ್ ಅಂತ ಹಾಕಿದರೆ ಶುವೈಖಿನ ಗ್ಯಾರೇಜುಗಳು. ಜಾಗ ಹಿಡಿದು ಮಾಡುವ ಊಹೆ ಹೆಚ್ಚಾಗಿ ಸರಿಯೇ ಇರುತ್ತದೆ. ಮನುಷ್ಯನನ್ನು ಹಿಡಿದು ಮಾಡುವ ಊಹೆಯ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ನಾನು ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವನು. ಬ್ಯಾಂಕಿಗೆ ಹಣ ಬಂದಿರುತ್ತದೆ, ಯಾರದ್ದು ಅಂತ ಗೊತ್ತಿರುವುದಿಲ್ಲ. ಆಗ ಅದನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಇಡುತ್ತೇವೆ, ವಿಚಾರಿಸಿ ಗೊತ್ತಾದ ಮೇಲೆ ಸರಿಯಾದ ಹೆಸರಿಗೆ ವರ್ಗಾಯಿಸುತ್ತೇವೆ. ಗೊತ್ತಿಲ್ಲದ್ದನ್ನು ಕಂಡವರ ಹೆಸರಿಗೆ ಬರೆದರೆ ಆಡಿಟರ್ ಬಿಡುವುದಿಲ್ಲ. ಗೂಗಲ್‌ನ ಪುಸ್ತಕದಲ್ಲಿ ಇಂಥ ಕಾಲಂ ಇಲ್ಲ. ಆ ಅಕೌಂಟಿನಿಂದ ಬಂದದ್ದೆಲ್ಲ ಆ ಅಕೌಂಟಿನ ಹೆಸರಿಗೇ. ಆ ಸಹೋದರನ ಖಾತೆಯಲ್ಲಿ ಗೇರ್‌ಬಾಕ್ಸ್, ಎದೆಯ ಗಂಟು, ಐದನೇ ಕ್ಲಾಸಿನ ಮಗನ ಕ್ರಿಕೆಟ್ ಗೇಮ್, ಎಲ್ಲ ಒಬ್ಬನೇ ಮನುಷ್ಯನ ಆಸಕ್ತಿ ಅಂತ ಜಮೆ ಆಗಿತ್ತು.

ಇದು ನಮ್ಮ ಬಡ ರೂಮಿನ ಸಮಸ್ಯೆ ಮಾತ್ರ ಅಲ್ಲ. 2006ರ ಆಗಸ್ಟ್‌ನಲ್ಲಿ ಅಮೆರಿಕದ ಎಓಎಲ್ ಕಂಪನಿ ಸಂಶೋಧನೆಗೆ ಅಂತ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು ಹೊರಗೆ ಬಿಟ್ಟಿತು. ಹೆಸರು ತೆಗೆದು ಬರೀ ನಂಬರ್ ಹಾಕಿದ್ದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ಕೆಲವೇ ದಿನದಲ್ಲಿ ಒಂದು ನಂಬರಿನ ಹಿಂದಿದ್ದ ಹಿರಿಯ ಮಹಿಳೆಯ ಮನೆಗೇ ಹೋದರು. ಆಕೆಯ ಪಟ್ಟಿಯಲ್ಲಿ ಬೇರೆ ಬೇರೆ ಕಾಯಿಲೆಗಳಿದ್ದವು. ಓದಿದವರು ಆಕೆಗೆ ಇಷ್ಟೆಲ್ಲ ರೋಗ ಉಂಟಾ ಅಂದುಕೊಳ್ಳಬೇಕು. ವಿಚಾರಿಸಿದರೆ, ಆಕೆ ತನ್ನ ಗೆಳತಿಯರಿಗೋಸ್ಕರ ಹುಡುಕಿ ಕೊಡುತ್ತಿದ್ದದ್ದು.

ನಮ್ಮ ಕನ್ನಡದ್ದೇ ಉದಾಹರಣೆ ಬೇಕಾದರೆ 2021ರ ಜೂನ್ ನೆನಪು ಮಾಡಿ. ಭಾರತದ ಅತಿ ಕುರೂಪಿ ಭಾಷೆ ಯಾವುದು ಅಂತ ಹುಡುಕಿದರೆ ಗೂಗಲ್ ಕನ್ನಡ ಅಂತ ತೋರಿಸುತ್ತಿತ್ತು. ಸರ್ಕಾರ ಸಿಟ್ಟಾಯಿತು, ಕಂಪನಿ ಕ್ಷಮೆ ಕೇಳಿ ತೆಗೆಯಿತು. ಆ ದಿನ ನಮ್ಮ ರೂಮಿನಲ್ಲೇ ನಾಲ್ಕು ಜನ ಅದೇ ಪ್ರಶ್ನೆ ಟೈಪ್ ಮಾಡಿ ನೋಡಿದ್ದೆವು. ಹೊಟ್ಟೆ ಉರಿದು ಮಾಡಿದ್ದು. ಆ ಮೆಷಿನಿಗೆ ಸಿಕ್ಕಿದ್ದು ಪ್ರಶ್ನೆ ಮಾತ್ರ, ನಮ್ಮ ಹೊಟ್ಟೆಯುರಿ ಅದರಲ್ಲಿ ಎಲ್ಲಿ ಬರೆದಿತ್ತು?

ಹುಡುಕಿದವರ ಮನಸ್ಸಿನಲ್ಲಿ ಏನಿತ್ತು ಅಂತ ಅಷ್ಟು ದೊಡ್ಡ ಕಂಪನಿಗೇ ಸರಿಯಾಗಿ ತಿಳಿಯುವುದಿಲ್ಲ. ಹಾಗಿರುವಾಗ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಡ್ಯೂಟಿ ಮುಗಿಸಿ ಸುಸ್ತಾಗಿ ಮಲಗಿದ ಗಂಡ ನಾಲ್ಕು ಶಬ್ದ ಓದಿ ಏನು ಅರ್ಥ ಮಾಡಿಕೊಳ್ಳುತ್ತಾನೆ? ಈ ಸಲ ಗಂಟು ಅಂತ ಇತ್ತು. ನಾಳೆ 'ತಲಾಖ್ ಆದರೆ ಮಕ್ಕಳು ಯಾರಿಗೆ' ಅಂತ ಇದ್ದರೆ? ಪಕ್ಕದ ಮನೆಯ ಹೆಣ್ಣುಮಗಳಿಗೆ ಓದಲು ಬರೆಯಲು ಬಾರದೆ ಇವಳ ಕೈಯಲ್ಲಿ ಹುಡುಕಿಸಿರಬಹುದು. ಅದು ಸ್ಕ್ರೀನಿನಲ್ಲಿ ಬರುವುದಿಲ್ಲ. ಗಡಿಯಾರದ ಗುರುತು ಮಾತ್ರ ಬರುತ್ತದೆ. ನಮ್ಮ ದಾಂಪತ್ಯವೇ ಫೋನಿನಲ್ಲಿ ನಡೆಯುವಂಥದ್ದು, ಅದಕ್ಕೆ ಕಾವಲುಗಾರನನ್ನೂ ಕೂರಿಸಬೇಕಾ? ಮತ್ತೆ ನೋಡಿ, ಇದು ಎರಡೂ ಕಡೆಗೆ ಕಾಣುತ್ತದೆ. ಸಂಬಳ ಮೂರು ತಿಂಗಳಿಂದ ಬರದೆ ನಾವಿಲ್ಲಿ 'ಆರ್ಟಿಕಲ್ 18 ವೀಸಾ ಟ್ರಾನ್ಸ್‌ಫರ್' ಅಂತ ಕದ್ದು ಹುಡುಕಿದ್ದು ಅಲ್ಲಿ ಅವರಿಗೂ ಕಂಡಿರುತ್ತದೆ. ನಾವೂ ಎಷ್ಟೋ ವಿಷಯ ಹೇಳದೆ ಇರುತ್ತೇವಲ್ಲ.

ವೀಸಾ ಮಾತು ಬಂತು. ಹೀಗೆ ಹುಡುಕಿದಾಗ ಮೇಲೆ ಬರುವ ಒಂದೆರಡಕ್ಕೆ 'ಪ್ರಾಯೋಜಿತ' ಅಂತ ಸಣ್ಣದಾಗಿ ಬರೆದಿರುತ್ತದೆ. ಅದು ಹಣ ಕೊಟ್ಟು ಹಾಕಿದ ಜಾಹೀರಾತು. ಕೆಲಸ ಹುಡುಕುವವನು ಕಷ್ಟದಲ್ಲಿದ್ದಾನೆ ಅಂತ ಅವನ ಶಬ್ದದಲ್ಲೇ ಗೊತ್ತಾಗುತ್ತದೆ, ಅಂಥವನ ಮುಂದೆ ಅಂಗಡಿ ಇಡಲು ಏಜೆಂಟರು ಕಾಯುತ್ತಿರುತ್ತಾರೆ. ಏಜೆಂಟ್ ಅಸಲಿಯಾ ಅಂತ ಭಾರತ ಸರ್ಕಾರದ ಇ-ಮೈಗ್ರೇಟ್ ಸೈಟಿನಲ್ಲಿರುವ ಪಟ್ಟಿಯಲ್ಲಿ ನೋಡಿ, ಆಮೇಲೆ ಮಾತಾಡಿ.

ಇನ್ನು ಮಾಡಬೇಕಾದದ್ದು. ಮನೆಯವರಿಗೆ ಬೇರೆ ಜಿಮೇಲ್ ಮಾಡಿಕೊಡಿ, ಊರಿನ ನಂಬರ್ ಹಾಕಿ. ಇಲ್ಲಿನ ಕುವೈತ್ ನಂಬರ್ ಹಾಕಿದರೆ ನಾವು ಕ್ಯಾನ್ಸಲ್ ಮಾಡಿ ಊರಿಗೆ ಹೋದ ದಿನ ಒಟಿಪಿ ಯಾರಿಗೆ ಬರುತ್ತದೋ ಅಲ್ಲಾಹನಿಗೇ ಗೊತ್ತು. ಗೂಗಲ್ ಅಕೌಂಟಿನ ಡೇಟಾ ಮತ್ತು ಪ್ರೈವೆಸಿಯಲ್ಲಿ 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಅಂತ ಉಂಟು. ಅದನ್ನು ಆಫ್ ಮಾಡಬಹುದು, ಇಲ್ಲವಾದರೆ 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಯುವಂತೆ ಇಡಬಹುದು. ನಾನು 3 ಇಟ್ಟಿದ್ದೇನೆ. ಇನ್‌ಕಾಗ್ನಿಟೋದಲ್ಲಿ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಹುಡುಗರು ಹೇಳುತ್ತಾರೆ. ಫೋನಿನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ. ಆ ವಿಷಯದಲ್ಲಿ 2020ರಲ್ಲಿ ಅಮೆರಿಕದಲ್ಲಿ ಹಾಕಿದ ಕೇಸು 2024ರಲ್ಲಿ ರಾಜಿಯಾಗಿ, ಸಂಗ್ರಹಿಸಿದ್ದ ದಾಖಲೆ ಅಳಿಸಲು ಗೂಗಲ್ ಒಪ್ಪಬೇಕಾಯಿತು.

ಆ ಸಹೋದರನ ಹೆಂಡತಿಯ ರಿಪೋರ್ಟ್ ಬಂತು. ಹೆದರುವಂಥದ್ದಲ್ಲ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಅಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಈಗ ಅವಳಿಗೆ ಬೇರೆ ಜಿಮೇಲ್ ಆಗಿದೆ, ಪಾಸ್‌ವರ್ಡ್ ಅವಳೇ ಇಟ್ಟದ್ದು. ಇವನ ಫೋನಿನಲ್ಲಿ ಗೂಗಲ್ ತೆರೆದರೆ ಕೆಳಗೆ ಬರುವ ಸುದ್ದಿಗಳಲ್ಲಿ ಮಾತ್ರ ಇನ್ನೂ ಕ್ಯಾನ್ಸರ್ ಲಕ್ಷಣಗಳದ್ದೇ ಲೇಖನಗಳು. ಮೊನ್ನೆ ಕೂತು ಒಂದೊಂದೇ ಅಳಿಸುತ್ತಿದ್ದ.